ನವೆಂಬರ್ ಇಪ್ಪತ್ನಾಲ್ಕರ ತನಕ

ಅಕ್ಟೋಬರ್ ಹದಿನೆಂಟು, ಶುಕ್ರವಾರ. ಡಾಫಿನ್ ಪಟ್ಟಣದ ಮುಖ್ಯಬೀದಿಯಲ್ಲಿ, ಬೀಜದ ಅಂಗಡಿಗೆ ಒತ್ತಿಕೊಂಡಿದ್ದ ವಕೀಲ ಝೆನೋನ್ ಕೊವಾಲಿಕ್‌ನ ಕಚೇರಿಯಲ್ಲಿ ಅವನ ಹೆಂಡತಿ ಮಾರ್ತಾ ಒಬ್ಬಳೇ ಕೂತಿದ್ದಳು. ಮುಂದೆ ಒಂದು ನೀಲಿ ನೋಟ್‌ಬುಕ್ಕು. ಅದರಲ್ಲಿ ತಾರೀಕು ಹಾಕಿ, "೧೦.೧೨, ಪತ್ರಗಳ ಟೈಪಿಂಗ್" ಎಂದು ಬರೆದು, ಪಕ್ಕದ ಜಾಗ ಖಾಲಿ ಬಿಟ್ಟಿದ್ದಳು. ಕೆಲಸ ಮುಗಿದ ಮೇಲೆ ಅಲ್ಲಿ ಮುಗಿದ ಹೊತ್ತನ್ನು ಬರೆಯಬೇಕು.

ಹತ್ತೂ ಇಪ್ಪತ್ತಕ್ಕೆ ಫೋನು ಬಂತು. ಎಥೆಲ್‌ಬರ್ಟ್ ದಾರಿಯ ಹೊಲಮನೆಯಿಂದ ಮುದುಕಿ ತೆಕ್ಲ್ಯಾ ಮಾತಾಡುತ್ತಿದ್ದಳು. ಅವಳ ಉಯಿಲಿಗೆ ಸಹಿ ಹಾಕಿಸಲು ಝೆನೋನ್ ಬೆಳಗ್ಗೆಯೇ ಹೊರಟು ಹೋಗಿದ್ದ.

"ಮಾರ್ತಾ, ನಿನ್ನ ಗಂಡ ಅಂಗಳದಲ್ಲಿ ಕಾರು ನಿಲ್ಸಿ ಹತ್ತು ನಿಮಿಷ ಆಯ್ತು. ಇಳೀತಾನೇ ಇಲ್ಲ. ಕಾಫಿ ಆರಿಹೋಗ್ತಿದೆ. ಹೋಗಿ ಕಿಟಕಿ ತಟ್ಲಾ?"

"ಬೇಡ ಅಜ್ಜಿ. ಟೈಮ್ ಬರೀತಾ ಕೂತಿರ್ತಾರೆ. ನಡುವೆ ಮಾತಾಡ್ಸಿದ್ರೆ ಸಿಡುಕ್ತಾರೆ. ಅವರಾಗೇ ಬರ್ತಾರೆ ಬಿಡಿ."

ಅದು ವಕೀಲರ ಅಭ್ಯಾಸ. ದಿನವನ್ನೆಲ್ಲ ಆರಾರು ನಿಮಿಷದ ತುಂಡುಗಳಾಗಿ ಕತ್ತರಿಸಿ, ಯಾವ ತುಂಡು ಯಾರ ಕೆಲಸಕ್ಕೆ ಹೋಯಿತೆಂದು ಬರೆದಿಡುವುದು. ಝೆನೋನ್ ಯಾರ ಮನೆಗೆ ಹೋದರೂ, ಕಾರಿನಲ್ಲೇ ಕೂತು ಹೊರಟ ಹೊತ್ತು, ತಲುಪಿದ ಹೊತ್ತು ಬರೆದು ಮುಗಿಸದೆ ಇಳಿದವನಲ್ಲ. ಸುತ್ತಲ ಹಳ್ಳಿಗಳ ರೈತರಿಗೆಲ್ಲ ಇದು ಗೊತ್ತಿತ್ತು. ಅವನ ಕಾರು ಅಂಗಳಕ್ಕೆ ಬಂದಾಗ ಒಲೆ ಹೊತ್ತಿಸಿದರೆ, ಅವನು ಬಾಗಿಲಿಗೆ ಬರುವಷ್ಟರಲ್ಲಿ ನೀರು ಕುದಿಯುತ್ತದೆ ಎಂದು ನಗುತ್ತಿದ್ದರು.

ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ ಫೋನು ಮತ್ತೆ ಬಂತು. ಈ ಸಲ ಮಾತಾಡಿದ್ದು ಸಾಕ್ಷಿ ಹಾಕಲು ಬಂದಿದ್ದ ತೆಕ್ಲ್ಯಾಳ ನೆರೆಯವನು.

"ಮಾರ್ತಾ, ಕೂತ್ಕೊಂಡಿದೀಯಾ?" ಎಂದ.

ಕೂತೇ ಇದ್ದಳು. ಆದರೂ ಆ ಮಾತು ಕೇಳಿ ಎದ್ದು ನಿಂತಳು.

ಕಾರಿನ ಬಾಗಿಲು ತೆಗೆದಾಗ ಪೆನ್ನು ಇನ್ನೂ ಅವನ ಬೆರಳ ನಡುವೆಯೇ ಇತ್ತಂತೆ. ಹೃದಯ ನಿಂತಿತ್ತು. ಎಷ್ಟು ಹೊತ್ತಿಗೆ ನಿಂತಿತೆಂದು ಡಾಕ್ಟರೂ ಸರಿಯಾಗಿ ಹೇಳಲಿಲ್ಲ. ಬೇಗ ನೋಡಿದ್ದರೆ ಉಳಿಯುತ್ತಿದ್ದನೇ ಎಂದು ಮಾರ್ತಾ ಕೇಳಲಿಲ್ಲ. ಕೇಳುವ ಧೈರ್ಯ ಅವಳಿಗಿರಲಿಲ್ಲ.

ಝೆನೋನ್‌ಗೆ ಅರವತ್ತೈದು ತುಂಬಲು ಇನ್ನು ಮೂವತ್ತೇಳು ದಿನ ಉಳಿದಿತ್ತು. ನವೆಂಬರ್ ಇಪ್ಪತ್ನಾಲ್ಕು ಅವನ ಹುಟ್ಟಿದ ದಿನ. ಆ ದಿನಕ್ಕೆ ಕಚೇರಿಯ ಫಲಕ ಇಳಿಸುವುದೆಂದು ಹಿಂದಿನ ವರ್ಷವೇ ನಿಶ್ಚಯವಾಗಿತ್ತು.

ಅದರ ಹಿನ್ನೆಲೆ ಹೀಗೆ. ಬಹಳ ವರ್ಷಗಳ ಹಿಂದೆ ಬೇರೆ ವಕೀಲರು ಮಾಡಿಕೊಂಡಂತೆ ಝೆನೋನ್ ಕೂಡ ತನ್ನ ಕಚೇರಿಯನ್ನು ಒಂದು ಕಂಪೆನಿ ಮಾಡಿಕೊಂಡಿದ್ದ. ಮಾರ್ತಾಳ ಹೆಸರಿಗೆ, ಮಗಳು ಲೆಸ್ಯಾಳ ಹೆಸರಿಗೆ, ಮಗ ಮಾರ್ಕೊನ ಹೆಸರಿಗೆ ಅದರಲ್ಲಿ ಪಾಲಿತ್ತು. ವರ್ಷದ ಲಾಭ ನಾಲ್ಕು ಕಡೆ ಹಂಚಿಹೋದರೆ ತೆರಿಗೆ ಹಗುರ. ಇಬ್ಬರು ಮಕ್ಕಳೂ ಓದಿದ್ದು ಆ ಪಾಲಿನಿಂದಲೇ. ಎರಡು ಸಾವಿರದ ಹದಿನೆಂಟರಲ್ಲಿ ಕಾನೂನು ಬದಲಾಯಿತು. ಪಾಲು ಪಡೆಯುವ ಮನೆಯವರು ವಾರಕ್ಕೆ ಇಪ್ಪತ್ತು ಗಂಟೆಯಾದರೂ ಕಚೇರಿಯಲ್ಲಿ ದುಡಿಯುತ್ತಿರಬೇಕು. ಇಲ್ಲವಾದರೆ ಅವರ ಪಾಲಿಗೆ ಅತಿ ಹೆಚ್ಚಿನ ದರದ ತೆರಿಗೆ. ವಕೀಲನಿಗೆ ಅರವತ್ತೈದಾದರೆ ಮಾತ್ರ ಹೆಂಡತಿಗೆ ಈ ಕಟ್ಟಳೆ ಇಲ್ಲ.

ಲೆಸ್ಯಾ ವಿನ್ನಿಪೆಗ್‌ನಲ್ಲಿ ಲೆಕ್ಕಪರಿಶೋಧಕಿ. ಇದನ್ನೆಲ್ಲ ಓದಿ ತಂದೆಗೆ ಒಂದು ಕಾಗದ ಬರೆದಿದ್ದಳು. ಮಕ್ಕಳ ಪಾಲು ನಿಲ್ಲಿಸಿಬಿಡಿ. ಅಮ್ಮ ಕಚೇರಿಗೆ ಬಂದು ಕೂತು ತನ್ನ ಗಂಟೆಗಳನ್ನು ಬರೆದಿಡಲಿ. ನಿಮಗೆ ಅರವತ್ತೈದು ತುಂಬುವ ತನಕ, ಅಂದರೆ ೨೦೧೯ರ ನವೆಂಬರ್ ಇಪ್ಪತ್ನಾಲ್ಕರ ತನಕ, ಕಚೇರಿ ತೆರೆದಿರಲಿ. ಆಮೇಲೆ ಮುಚ್ಚಿ, ಕಂಪೆನಿಯಲ್ಲಿ ಉಳಿದದ್ದನ್ನು ಅಮ್ಮ ವರ್ಷವರ್ಷವೂ ನಿಶ್ಚಿಂತೆಯಾಗಿ ತೆಗೆದುಕೊಳ್ಳಬಹುದು. ಆ ಕಾಗದವನ್ನು ಝೆನೋನ್ ಅಡುಗೆಮನೆಯ ಫ್ರಿಜ್ಜಿನ ಮೇಲೆ ಅಂಟಿಸಿದ್ದ.

ಮಾರ್ತಾಗೆ ಆ ನೋಟ್‌ಬುಕ್ಕು ಕಂಡರೆ ಮೈ ಉರಿಯುತ್ತಿತ್ತು. ಮೂವತ್ತು ವರ್ಷ ಅವಳು ಆ ಕಚೇರಿಯ ಪತ್ರ ಟೈಪ್ ಮಾಡಿದ್ದಳು. ಇಂಗ್ಲಿಷ್ ಬಾರದ ಮುದುಕಿಯರಿಗೆ ಉಕ್ರೇನಿಯನ್ ಭಾಷೆಯಲ್ಲಿ ಓದಿ ಹೇಳಿದ್ದಳು. ಮನೆಯ ಊಟದ ಮೇಜಿನ ಮೇಲೆ ಸಹಿ ಹಾಕಲು ಬಂದವರಿಗೆ ಮೊದಲು ಊಟ ಬಡಿಸಿದ್ದಳು. ಹಸಿದ ಹೊಟ್ಟೆಯಲ್ಲಿ ಯಾರೂ ಸಹಿ ಮಾಡಬಾರದೆಂಬುದು ಅವಳ ಅತ್ತೆ ಪರಾಸ್ಕಾಳ ಕಟ್ಟುನಿಟ್ಟು. ಆ ಮೂವತ್ತು ವರ್ಷದಲ್ಲಿ ಯಾರೂ ಅವಳನ್ನು ಗಂಟೆ ಕೇಳಿರಲಿಲ್ಲ.

"ಪಿರೊಹಿ ಕಡುಬು ಮಡಿಸಿದ್ದು ಬರೀಬಹುದೇನೋ?" ಎಂದು ಮೊದಲ ವಾರ ಮಗಳಿಗೆ ಫೋನಿನಲ್ಲಿ ಕೇಳಿದ್ದಳು.

"ಕಕ್ಷಿದಾರರು ತಿಂದಿದ್ರೆ ಬರಿ ಅಮ್ಮ."

"ನಿಮ್ಮಪ್ಪ ತಿಂದಿದ್ರೆ?"

"ಅದು ಧರ್ಮಕ್ಕೆ."

ಆಗ ಇಬ್ಬರೂ ನಕ್ಕಿದ್ದರು.

ಅಂತ್ಯಕ್ರಿಯೆ ಮುಗಿದು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ ಇನ್ನೂರಕ್ಕೂ ಹೆಚ್ಚು ಜನ ಸೇರಿದ್ದರು. ಅವರಲ್ಲಿ ಅರ್ಧ ಜನರ ಉಯಿಲು ಬರೆದವನು ಝೆನೋನ್. ಎಂಬತ್ತೆಂಟು ವರ್ಷದ ಪರಾಸ್ಕಾ ಮಗನ ಪಟದ ಮುಂದೆ ಕೂತು, ಬಂದವರೆಲ್ಲ ತನ್ನ ಕೈ ಹಿಡಿದಾಗ, "ಸರದಿ ತಪ್ಪಿಸಿ ಹೋಗ್ಬಿಟ್ಟ ನೋಡಿ. ಅವನಿಗೆ ಯಾವತ್ತೂ ಕಾಯೋಕೆ ಬರಲ್ಲ" ಎಂದು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು.

ತೆಕ್ಲ್ಯಾ ಕೋಲೂರಿಕೊಂಡು ಬಂದಳು. ಮಾರ್ತಾಳ ಮುಂದೆ ನಿಂತು, ಸುತ್ತಲಿದ್ದವರಿಗೆ ಕೇಳುವಂತೆ, "ನಾನೇ ಹೋಗಿ ನೋಡ್ಬೇಕಿತ್ತು. ಬರೀತಾ ಕೂತಿದಾನೆ ಅಂದ್ಕೊಂಡೆ ಕಣಮ್ಮ. ನಾನೇ ಅಂದ್ಕೊಂಡೆ" ಎಂದಳು.

ಮಾರ್ತಾ ಬಾಯಿ ತೆರೆದಳು. ಮುದುಕಿ ಅವಳ ಕೈಯನ್ನು ಬಿಗಿಯಾಗಿ ಒತ್ತಿ, "ನಾನೇ" ಎಂದು ಇನ್ನೊಮ್ಮೆ ಹೇಳಿ ಮುಂದೆ ಹೋದಳು. ಮೊದಲ ಫೋನಿನ ವಿಷಯ ಆ ಇಬ್ಬರ ನಡುವೆಯೇ ಉಳಿಯಿತು.

ಮನೆಗೆ ಬಂದ ಮೇಲೆ ಲೆಸ್ಯಾ ಪಾತ್ರೆ ತೊಳೆಯುತ್ತಿದ್ದಳು. ಮಾರ್ಕೊ ಒರೆಸುತ್ತಿದ್ದ. ಅವನು ವಿದ್ಯುತ್ ಕಂಪೆನಿಯಲ್ಲಿ ಕಂಬ ಹತ್ತುವ ಕೆಲಸದವನು, ದೊಡ್ಡ ಮೈಯವನು, ಜಗಳವೆಂದರೆ ಹೆದರುವವನು. ಮಾರ್ತಾ ಫ್ರಿಜ್ಜಿನ ಮುಂದೆ ನಿಂತು ಆ ಕಾಗದವನ್ನೇ ನೋಡುತ್ತಿದ್ದಳು.

"ಹೋದ ಕ್ರಿಸ್ಮಸ್‌ನಲ್ಲೇ ಬಾಗಿಲು ಹಾಕಿ ಅಂದೆ," ಎಂದಳು, ಯಾರಿಗೂ ಅಲ್ಲವೆಂಬಂತೆ. "ಎದೆ ಹಿಡ್ಕೊಂಡು ಕಚೇರಿ ಮೆಟ್ಲು ಹತ್ತೋರು. ಸಾಕು ಅಂದೆ. ಲೆಸ್ಯಾ ಬರ್ದಿದಾಳೆ ಅಂದ್ರು. ಆಲೂಗಡ್ಡೆ ಅಗೆಯೋಕೆ ಬನ್ನಿ ಅಂದ್ರೆ, ಮುಂದಿನ ವರ್ಷ ಪೂರ್ತಿ ಹೊಲ ನಾನೇ ಅಗೀತೀನಿ, ಈಗ ಬಿಡು, ಲೆಸ್ಯಾ ಬರ್ದಿದಾಳೆ ಅಂದ್ರು."

ಲೆಸ್ಯಾ ತಿರುಗಲಿಲ್ಲ. ನಲ್ಲಿ ಹರಿಯುತ್ತಲೇ ಇತ್ತು.

"ಅಮ್ಮ, ಈಗ ಬೇಡ," ಎಂದ ಮಾರ್ಕೊ.

"ಮತ್ಯಾವಾಗ? ನಿಮ್ಮಪ್ಪನ್ನ ಆ ಕುರ್ಚಿಗೆ ಕಟ್ಟಿ ಹಾಕಿದ್ದು ಈ ಕಾಗದ. ಇದನ್ನ ಬರ್ದೋಳು ಅಲ್ಲಿ ನಿಂತು ತಟ್ಟೆ ತೊಳೀತಿದಾಳೆ."

ಕಿಟಕಿಯ ಪಕ್ಕ ಕೂತಿದ್ದ ಪರಾಸ್ಕಾ ಕೋಲಿನಿಂದ ನೆಲ ಕುಟ್ಟಿದಳು. "ನಲವತ್ತು ದಿನ ಅವನ ಆತ್ಮ ಈ ಮನೇಲೇ ಓಡಾಡ್ತಿರುತ್ತೆ ಮಾರ್ತಾ. ಇದನ್ನ ಕೇಳೋಕಾ ಅವನು ಇಲ್ಲಿರೋದು?"

"ಕೇಳ್ಲಿ. ಅವರೂ ಕೇಳ್ಲಿ."

ಲೆಸ್ಯಾ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು. "ನಾನೇ ಬರ್ದಿದ್ದು ಅಮ್ಮ," ಎಂದಳು. ಅಷ್ಟೇ. ಕೋಟು ಹಾಕಿಕೊಂಡು ಹೊರಗೆ ಹೋಗಿ ಕಾರಿನಲ್ಲಿ ಕೂತಳು. ಅವಳು ವಾದಿಸಿದ್ದರೆ ಮಾರ್ತಾಳ ಸಿಟ್ಟು ಅರ್ಧ ಇಳಿಯುತ್ತಿತ್ತು. ಚಿಕ್ಕಂದಿನಿಂದ ಅಮ್ಮನಿಗೆ ಒಂದಕ್ಕೆ ಎರಡು ಹೇಳುತ್ತಿದ್ದ ಹುಡುಗಿ, ಆ ದಿನ ಒಂದು ಮಾತನ್ನೂ ತಿರುಗಿ ಆಡಲಿಲ್ಲ.

ಆಮೇಲಿನ ವಾರಗಳು ಹೀಗೇ ನಡೆದವು. ಪ್ರತಿ ಶುಕ್ರವಾರ ಸಂಜೆ ಲೆಸ್ಯಾ ಮುನ್ನೂರು ಕಿಲೋಮೀಟರು ಕಾರು ಓಡಿಸಿಕೊಂಡು ಬರುವಳು. ಶನಿವಾರ ಕಂಪೆನಿಯ ಕಾಗದ ಪತ್ರ ನೋಡುವಳು, ಭಾನುವಾರ ಪೂಜೆ ಮುಗಿಸಿ ಹೊರಡುವಳು. ಮಾರ್ತಾ ಅಡುಗೆ ಮಾಡಿ ಮೇಜಿನ ಮೇಲೆ ಇಡುವಳು. "ತಿನ್ನು" ಎಂದು ಹೇಳುತ್ತಿರಲಿಲ್ಲ. ದೇವರ ಪಟದ ಮುಂದೆ, ಕಸೂತಿ ಬಟ್ಟೆಯ ಕೆಳಗೆ, ಝೆನೋನ್‌ನ ಹೆಸರಿನ ದೀಪ ಉರಿಯುತ್ತಿತ್ತು. ಅದಕ್ಕೆ ಎಣ್ಣೆ ಹಾಕುವವಳು ಪರಾಸ್ಕಾ.

"ಮೊಮ್ಮಗಳೇ, ಹೀಗೆ ಗುಬ್ಬಚ್ಚಿ ಹಾಗೆ ತಿಂದ್ರೆ ನಿನ್ನ ಗಂಡ ನಮ್ಮ ಮೇಲೆ ಕೇಸ್ ಹಾಕ್ತಾನೆ," ಎಂದು ಅಜ್ಜಿ ಗದರುವಳು.

"ಹಾಕ್ಲಿ ಅಜ್ಜಿ. ವಾದ ಮಾಡೋಕೆ ನಮ್ಮ ಮನೇಲಿ ವಕೀಲ್ರೇ ಇಲ್ವಲ್ಲ."

ಹೇಳಿದ ಮೇಲೆ ಆ ಮಾತಿನ ಭಾರ ತಿಳಿದು ಲೆಸ್ಯಾ ಚಮಚ ಕೆಳಗಿಟ್ಟಳು. ಪರಾಸ್ಕಾ ಅವಳ ತಟ್ಟೆಗೆ ಇನ್ನೊಂದು ಎಲೆಕೋಸಿನ ಸುರುಳಿ ಹಾಕಿ, ಮೇಲೆ ಹುಳಿಕೆನೆ ಸುರಿದು, ಏನೂ ಆಗಿಲ್ಲವೆಂಬಂತೆ ಪ್ರಾರ್ಥನೆಯ ಮಣಿ ಎಣಿಸತೊಡಗಿದಳು.

ಇನ್ನೊಂದು ಶನಿವಾರ ಲೆಸ್ಯಾ ನೀಲಿ ನೋಟ್‌ಬುಕ್ಕನ್ನು ತಾಯಿಯ ಮುಂದಿಟ್ಟಳು. "ಅಮ್ಮ, ಕೊನೇ ಸಾಲು. ಹತ್ತೂ ಹನ್ನೆರಡಕ್ಕೆ ಶುರು ಅಂತ ಬರ್ದಿದೀಯ. ಮುಗಿದ ಟೈಮ್ ಇಲ್ಲ. ಅದನ್ನ ತುಂಬಬೇಕು."

"ತುಂಬಲ್ಲ."

"ಸುಮ್ನೆ ಹನ್ನೊಂದು ಅಂತ ಹಾಕು."

"ಮುಗಿದಿಲ್ಲ ಅದು. ಮುಗೀದೇ ಇರೋದನ್ನ ಮುಗೀತು ಅಂತ ಹೆಂಗೆ ಬರೀಲಿ?"

ಪರಾಸ್ಕಾ ಕೇಳಿದಳು: "ಅಲ್ಲಾ, ಇನ್ನು ಮುಂದೇನೂ ಇವಳು ಇಪ್ಪತ್ತು ಗಂಟೆ ಕೂತು ತೋರಿಸ್ಬೇಕೇನೇ? ಕಚೇರಿನೇ ಇಲ್ವಲ್ಲ."

"ಬೇಡ ಅಜ್ಜಿ. ಇನ್ನು ಅಮ್ಮನ ಪಾಲಿಗೆ ಆ ಕಟ್ಟಳೆ ಇಲ್ಲ. ಗಂಡ ತೀರಿಹೋದ್ರೂ ಬಿಡ್ತಾರೆ."

"ಆಹಾ! ಎಂಥ ಕರುಣೆ," ಎಂದಳು ಮುದುಕಿ. "ಬದುಕಿದ್ದಾಗ ಬಿಡ್ಬಾರ್ದಿತ್ತೇ!"

ಲೆಸ್ಯಾ ಎದ್ದು ಹೋದಳು. ಮಾರ್ತಾ ನೋಟ್‌ಬುಕ್ಕನ್ನು ಮುಚ್ಚಿ ಬ್ರೆಡ್ಡಿನ ಡಬ್ಬಿಯ ಹಿಂದೆ ಇಟ್ಟಳು.

ವಕೀಲ ಸತ್ತರೆ ಅವನ ಕಚೇರಿಯನ್ನು ಮನೆಯವರು ಮುಟ್ಟುವ ಹಾಗಿಲ್ಲ. ವಕೀಲರ ಸಂಘದವರು ಬ್ರ್ಯಾಂಡನ್ ಊರಿನಿಂದ ಪ್ರಿಚರ್ಡ್ ಎಂಬ ವಕೀಲನನ್ನು ಕಳಿಸಿದ್ದರು. ಕಡತಗಳನ್ನು ವಿಂಗಡಿಸಿ, ನಡೆಯುತ್ತಿದ್ದವನ್ನು ಬೇರೆಯವರಿಗೆ ಒಪ್ಪಿಸಿ, ಉಯಿಲುಗಳನ್ನು ಪೆಟ್ಟಿಗೆಗೆ ತುಂಬುವುದು ಅವನ ಕೆಲಸ. ಸಂಭಾವಿತ ಮನುಷ್ಯ. ಕಚೇರಿಗೆ ಬಂದಾಗಲೆಲ್ಲ ಟೊಪ್ಪಿ ತೆಗೆದು ಝೆನೋನ್‌ನ ಖಾಲಿ ಕುರ್ಚಿಗೆ ತಲೆಬಾಗುತ್ತಿದ್ದ. ಅದರಲ್ಲಿ ಅವನು ಒಮ್ಮೆಯೂ ಕೂರಲಿಲ್ಲ.

ನವೆಂಬರ್ ಇಪ್ಪತ್ಮೂರರ ಶನಿವಾರ ಕೊನೆಯ ಪೆಟ್ಟಿಗೆ ವ್ಯಾನು ಹತ್ತಿತು. ಮಾರ್ಕೊ ಏಣಿ ಹಾಕಿ ಫಲಕ ಇಳಿಸಿದ. ಪ್ರಿಚರ್ಡ್‌ನನ್ನು ಮಾರ್ತಾ ಮನೆಗೆ ಊಟಕ್ಕೆ ಕರೆತಂದಳು. ಅವನು ಒಪ್ಪಿಗೆಯ ಕಾಗದಗಳಿಗೆ ಸಹಿ ಹಾಕಿಸಬೇಕಿತ್ತು, ಆ ಮನೆಯಲ್ಲಿ ಸಹಿಗೆ ಮೊದಲು ಊಟ.

ಬೀಟ್‌ರೂಟಿನ ಸಾರು ಬಡಿಸಿದಳು. ಪ್ರಿಚರ್ಡ್ ಎರಡನೆಯ ಸಲ ಹಾಕಿಸಿಕೊಂಡ. ಮೇಜಿನ ಸುತ್ತ ಪರಾಸ್ಕಾ, ಮಾರ್ಕೊ, ಲೆಸ್ಯಾ.

"ನಾಳೆ ಅವರ ಹುಟ್ಟಿದ ದಿನ," ಎಂದಳು ಮಾರ್ತಾ. "ನಾಳೆ ಅರವತ್ತೈದು. ನಾಳೆ ಮುಚ್ಚೋರಿದ್ರು."

"ನಾಳೆ ಯಾಕೆ?" ಎಂದ ಪ್ರಿಚರ್ಡ್, ಬ್ರೆಡ್ಡು ಮುರಿಯುತ್ತ.

"ಆ ತೆರಿಗೆಯ ಕಾನೂನು. ಅರವತ್ತೈದು ತುಂಬೋ ತನಕ…"

"ಓ, ಅದಾ? ಅದಕ್ಕೆ ಹುಟ್ಟಿದ ದಿನದ ತನಕ ಕಾಯಬೇಕಾಗಿಲ್ಲ ತಾಯಿ. ಅರವತ್ತೈದು ಆಗೋ ವರ್ಷ ಇದ್ಯಲ್ಲ, ಆ ವರ್ಷದ ಮೊದಲ ದಿನದಿಂದಲೇ ಲೆಕ್ಕ. ನಮ್ಮಣ್ಣನೂ ವಕೀಲ್ನೇ. ಹುಟ್ಟಿದ್ದು ಡಿಸೆಂಬರ್ ಕೊನೇಲಿ. ಆ ವರ್ಷದ ಜನವರಿ ಎರಡಕ್ಕೇ ಬೀಗ ಹಾಕಿ ಮೀನು ಹಿಡಿಯೋಕೆ ಹೋದ." ನಕ್ಕ. ಯಾರೂ ನಗಲಿಲ್ಲ. ಅವನು ಒಬ್ಬೊಬ್ಬರ ಮುಖವನ್ನೂ ನೋಡಿ, ಬ್ರೆಡ್ಡನ್ನು ಮೆಲ್ಲಗೆ ತಟ್ಟೆಯ ಅಂಚಿಗಿಟ್ಟ.

ಮಾರ್ತಾ ಮಗಳ ಕಡೆ ತಿರುಗಿದಳು. ಲೆಸ್ಯಾಳ ಮುಖ ಮೇಜುಬಟ್ಟೆಯಷ್ಟೇ ಬೆಳ್ಳಗಿತ್ತು. ಆದರೆ ಅಲ್ಲಿ ಆಶ್ಚರ್ಯವಿರಲಿಲ್ಲ. ಮಾರ್ತಾ ಕಂಡದ್ದು ಅದನ್ನೇ.

"ನಿಂಗೆ ಗೊತ್ತಿತ್ತು," ಎಂದಳು.

"ಅಮ್ಮ…"

"ಜನವರಿ. ಹತ್ತು ತಿಂಗ್ಳು. ಹತ್ತು ತಿಂಗ್ಳು ಅವರು ಮನೇಲಿ ಇರಬಹುದಾಗಿತ್ತು. ನಿಂಗೆ ಗೊತ್ತಿತ್ತು!"

ಮಾರ್ತಾ ಕೂಗಿದ ಸದ್ದಿಗೆ ದೀಪದ ಗಾಜು ಕೂಡ ಸಣ್ಣಗೆ ಮಿಡಿಯಿತು ಎಂದು ಪರಾಸ್ಕಾ ಆಮೇಲೆ ಪಾದ್ರಿಗೆ ಹೇಳಿದಳು. ಪ್ರಿಚರ್ಡ್ ಎದ್ದು, ಕಾಗದಗಳನ್ನು ಇನ್ನೊಂದು ದಿನ ನೋಡೋಣವೆಂದು ಟೊಪ್ಪಿ ಹಿಡಿದು ಹೊರಟುಹೋದ. ಮಾರ್ಕೊ ಅವನನ್ನು ಕಾರಿನ ತನಕ ಬಿಟ್ಟು ಬರಲು ಹೋಗಿ, ಬಹಳ ಹೊತ್ತು ಹೊರಗೇ ಹಿಮ ಗೋರುತ್ತ ನಿಂತ.

ಮಾರನೆಯ ದಿನ ಭಾನುವಾರ. ಪೂಜೆಯಲ್ಲಿ ತಾಯಿಮಗಳು ಬೇರೆ ಬೇರೆ ಸಾಲಿನಲ್ಲಿ ನಿಂತರು. ಮನೆಗೆ ಬಂದಾಗ ಪರಾಸ್ಕಾ ಸೊಸೆಯ ಸೆರಗು ಹಿಡಿದೆಳೆದಂತೆ ಅವಳ ಏಪ್ರನ್ನಿನ ದಾರ ಹಿಡಿದು ನಿಲ್ಲಿಸಿದಳು.

"ನಾನು ಹೆತ್ತ ಮಗ ಹುಟ್ಟಿದ ದಿನ ಇವತ್ತು. ನೀನು ನಿನ್ನ ಹೆತ್ತ ಮಗಳನ್ನ ಊರು ಬಿಡಿಸಬೇಡ. ಕೂತು ಕೇಳು ಅವಳನ್ನ. ಕಿರುಚ್ದೇ ಕೇಳು. ನಿಂಗೆ ಬರಲ್ಲ ಅದು, ಗೊತ್ತು. ಆದ್ರೂ ಕೇಳು."

"ಏನು ಕೇಳ್ಲಿ ಅತ್ತೆ?"

"ಅವಳು ಯಾಕೆ ಸುಮ್ಮನಿದಾಳೆ ಅಂತ. ನಿನ್ನ ಮಗಳು ಹುಟ್ಟಿದಾಗ್ನಿಂದ ಒಂದು ತಿಂಗ್ಳು ಸುಮ್ಮನಿದ್ದದ್ದು ನೋಡಿದೀಯಾ?"

ಲೆಸ್ಯಾ ಹಿತ್ತಲಿನ ಕೋಣೆಯಲ್ಲಿ ಚೀಲ ಕಟ್ಟುತ್ತಿದ್ದಳು. ಮಾರ್ತಾ ಬಾಗಿಲಲ್ಲಿ ನಿಂತಳು. ಆ ಕೋಣೆಯಲ್ಲಿ ಮರಳಿನ ಪೆಟ್ಟಿಗೆಗಳಲ್ಲಿ ಈ ವರ್ಷದ ಆಲೂಗಡ್ಡೆ ಇತ್ತು. ಎಲ್ಲವನ್ನೂ ಸೆಪ್ಟೆಂಬರಿನಲ್ಲಿ ಮಾರ್ತಾ ಒಬ್ಬಳೇ ಅಗೆದು ತುಂಬಿದ್ದು.

"ಯಾವಾಗ ಗೊತ್ತಾಯ್ತು ನಿಂಗೆ?" ಎಂದಳು. ಸ್ವರ ತಗ್ಗಿಸಲು ಅವಳಿಗೆ ಬಹಳ ಕಷ್ಟವಾಯಿತು.

"ಜುಲೈನಲ್ಲಿ. ಇದೇ ಥರ ಕಂಪೆನಿ ಇದ್ದ ಒಬ್ಬ ಡಾಕ್ಟರದ್ದು ಲೆಕ್ಕ ನೋಡ್ತಿದ್ದೆ. ಕಾನೂನಲ್ಲಿ ಹಿಂದಿನ ವರ್ಷ ಅರವತ್ನಾಲ್ಕು ತುಂಬಿದ್ರೆ ಸಾಕು ಅಂತ ಇತ್ತು. ನಾನು ಅದನ್ನ… ಹುಟ್ಟಿದ ದಿನ ಅಂತ ಓದ್ಕೊಂಡಿದ್ದೆ ಅಮ್ಮ. ಒಂದ್ಸಲ ಓದಿ ಕಾಗದ ಬರ್ದುಬಿಟ್ಟಿದ್ದೆ. ನನ್ನದೇ ತಪ್ಪು."

"ಜುಲೈ. ಆಗ್ಲಾದ್ರೂ ಹೇಳಬಹುದಿತ್ತಲ್ಲ."

"ಅವತ್ತೇ ಫೋನ್ ಮಾಡಿದೆ. ಅಪ್ಪಂಗೆ."

ಮಾರ್ತಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಇವತ್ತೇ ಮುಚ್ಚಿ ಅಪ್ಪ, ನಾನು ಬಂದು ಅಮ್ಮನ ಹತ್ರ ಒಪ್ಕೋತೀನಿ ಅಂದೆ. ಅವರು ನಕ್ರು. 'ಬೇಡ ಮಗಾ. ನಿಮ್ಮಮ್ಮಂಗೆ ಗೊತ್ತಾದ್ರೆ ನಿನ್ನ ಮುಖ ನೋಡಲ್ಲ, ಮೂರು ಕ್ರಿಸ್ಮಸ್ ಹಾಳಾಗುತ್ತೆ. ನಾಲ್ಕೇ ತಿಂಗ್ಳು. ನವೆಂಬರ್‌ಗೇ ಮುಚ್ಚೋಣ. ಇದು ನಮ್ಮಿಬ್ಬರ ಮಧ್ಯೆ ಇರ್ಲಿ' ಅಂದ್ರು. ಮಾತು ತಗೊಂಡ್ರು ನನ್ ಹತ್ರ." ಲೆಸ್ಯಾ ಚೀಲದ ಮೇಲೆ ಕೂತುಬಿಟ್ಟಳು. "ನಾನು ಒಪ್ಪಬಾರ್ದಿತ್ತು. ನಾನೂ ಹೆದರ್ಕೊಂಡೆ ಅಮ್ಮ. ನಿಂಗೆ."

ಕಿಟಕಿಯ ಆಚೆ ಮಾರ್ಕೊ ಕಾರಿನ ಗಾಜು ಕೆರೆಯುವ ಸದ್ದು ಕೇಳುತ್ತಿತ್ತು. ಮದುವೆಯಾದ ಈ ನಲವತ್ತು ವರ್ಷ ಮಾರ್ತಾಳ ಸಿಟ್ಟನ್ನು ಮನೆಯವರೆಲ್ಲ ತಮಾಷೆ ಮಾಡಿದ್ದರು. ಮಾರ್ತಾಗೆ ಸಿಟ್ಟು ಬಂದರೆ ಹಾಲು ಒಡೆಯುತ್ತದೆ ಎಂದು ಝೆನೋನ್ ಅತಿಥಿಗಳಿಗೆ ಹೇಳುತ್ತಿದ್ದ. ಅವಳೂ ನಗುತ್ತಿದ್ದಳು. ಆ ಸಿಟ್ಟಿನಿಂದ ಮಗಳನ್ನು ಕಾಪಾಡಲು ಅವನು ಕೊನೆಯ ಮೂರು ತಿಂಗಳು ಮೆಟ್ಟಿಲು ಹತ್ತಿದ್ದ.

ಅವಳು ಬಂದು ಆಲೂಗಡ್ಡೆಯ ಪೆಟ್ಟಿಗೆಯ ಅಂಚಿನ ಮೇಲೆ ಮಗಳ ಎದುರು ಕೂತಳು.

"ತೆಕ್ಲ್ಯಾ ಮನೆಯಿಂದ ಎರಡು ಸಲ ಫೋನ್ ಬಂದಿತ್ತು," ಎಂದಳು.

"ಏನು?"

"ಅವತ್ತು. ಮೊದಲು ಹತ್ತೂ ಇಪ್ಪತ್ತಕ್ಕೆ ಅವಳೇ ಮಾಡಿದ್ಲು. ಕಾರಿಂದ ಇಳೀತಿಲ್ಲ, ಹೋಗಿ ತಟ್ಲಾ ಅಂತ ಕೇಳಿದ್ಲು. ನಾನೇ ಬೇಡ ಅಂದೆ. ಬರೀತಿರ್ತಾರೆ, ಸಿಡುಕ್ತಾರೆ ಬಿಡಿ ಅಂದೆ." ಅವಳು ಏಪ್ರನ್ನಿನ ಅಂಚನ್ನು ಮಡಿಸಿದಳು. "ನಾನು ಹಾಗಂದು ಮತ್ತೆ ಟೈಪ್ ಮಾಡೋಕೆ ಕೂತೆ ಲೆಸ್ಯಾ. ಮೂವತ್ತೈದು ನಿಮಿಷ. ಅವರು ಅಲ್ಲಿ ಒಬ್ರೇ. ಆ ಮುದುಕಿ ಸುಳ್ಳು ಹೇಳಿ ನನ್ನ ಕಾಪಾಡಿದ್ಲು. ನಾನು ಅದೇ ಸಂಜೆ ಮನೆಗೆ ಬಂದು ನಿನ್ನ ಮೇಲೆ ಹಾಕಿದೆ."

ಲೆಸ್ಯಾ ಎದ್ದು ಬರಲಿಲ್ಲ. ತಬ್ಬಿಕೊಳ್ಳಲಿಲ್ಲ. ಪೆಟ್ಟಿಗೆಯ ಮರಳಿನಲ್ಲಿ ಕೈಯಾಡಿಸುತ್ತ, "ಆಲೂಗಡ್ಡೆ ಸಣ್ಣದಾಗಿದೆ ಈ ವರ್ಷ," ಎಂದಳು.

"ಮಳೆ ಇರ್ಲಿಲ್ಲ," ಎಂದಳು ಮಾರ್ತಾ.

"ನಾನು ಮಂಗಳವಾರದ ತನಕ ಇರ್ತೀನಿ."

"ಇರು."

ಹೊರಗೆ ಅಡುಗೆಮನೆಯಲ್ಲಿ ಪರಾಸ್ಕಾ ಗಟ್ಟಿಯಾಗಿ, "ಈ ಮನೇಲಿ ಯಾರಾದ್ರೂ ಊಟ ಹಾಕ್ತೀರೋ, ನಾನೂ ಸರದಿ ತಪ್ಪಿಸಿ ಹೊರಡ್ಲೋ?" ಎಂದಳು.

ನಲವತ್ತನೆಯ ದಿನ ಮಂಗಳವಾರ ಬಂತು. ಜನಕ್ಕೆ ಅನುಕೂಲವಾಗಲೆಂದು ಭಾನುವಾರವೇ ಸ್ಮರಣೆ ಮಾಡಬಹುದೆಂದು ಪಾದ್ರಿ ಹೇಳಿದ್ದ. ಪರಾಸ್ಕಾ ಒಪ್ಪಿರಲಿಲ್ಲ. "ಅವನು ಬೇಗ ಹೋದದ್ದೇ ಸಾಕು. ಇದರಲ್ಲೂ ಅವಸರ ಬೇಡ" ಎಂದಿದ್ದಳು.

ಬೆಳಗ್ಗೆ ತಾಯಿಮಗಳು ಒಲೆಯ ಮುಂದೆ ನಿಂತು ಗೋಧಿ ಬೇಯಿಸಿದರು. ಸತ್ತವರ ಸ್ಮರಣೆಗೆ ಇಡುವ ಗೋಧಿ ಅದು. ಕಾಳು ಒಡೆಯಬಾರದು, ಗಟ್ಟಿಯಾಗಿಯೂ ಉಳಿಯಬಾರದು. ಲೆಸ್ಯಾ ಜೇನು ಸುರಿದಳು, ಮಾರ್ತಾ ಗಸಗಸೆ ಅರೆದಳು.

"ಇದನ್ನ ಬರೀಬೇಕೇನೋ?" ಎಂದಳು ಮಾರ್ತಾ, ಮಗಳ ಕಡೆ ನೋಡದೆ.

"ಬೇಡ ಅಮ್ಮ. ಇದು ಧರ್ಮಕ್ಕೆ."

ಇಬ್ಬರಿಗೂ ನಗು ಬರಲಿಲ್ಲ. ಅಳುವೂ ಬರಲಿಲ್ಲ. ಮಾರ್ತಾ ಫ್ರಿಜ್ಜಿನ ಮೇಲಿದ್ದ ಕಾಗದವನ್ನು ತೆಗೆದು, ಮಡಿಸಿ, ಬ್ರೆಡ್ಡಿನ ಡಬ್ಬಿಯ ಹಿಂದಿದ್ದ ನೀಲಿ ನೋಟ್‌ಬುಕ್ಕಿನೊಳಗೆ ಇಟ್ಟಳು. ಕೊನೆಯ ಸಾಲು ಹಾಗೆಯೇ ಇತ್ತು. ಲೆಸ್ಯಾ ಅದನ್ನು ನೋಡಿದಳು, ತುಂಬಲು ಹೇಳಲಿಲ್ಲ.

ಸಮಾಧಿಯ ಬಳಿ ಹಿಮ ಮೊಣಕಾಲಿನ ತನಕ ಇತ್ತು. ಮಾರ್ಕೊ ಮೊದಲೇ ಹೋಗಿ ದಾರಿ ತೋಡಿದ್ದ. ಅಜ್ಜಿಯನ್ನು ತೋಳಲ್ಲಿ ಎತ್ತಿಕೊಂಡು ತಂದು ಮಡಚುವ ಕುರ್ಚಿಯ ಮೇಲೆ ಕೂರಿಸಿದ. "ಕಂಬದ ಹಾಗೆ ನಿಲ್ಲಬೇಡ, ಟೊಪ್ಪಿ ತೆಗಿ" ಎಂದು ಪರಾಸ್ಕಾ ಅವನನ್ನು ಗದರಿದಳು. ತೆಕ್ಲ್ಯಾ ಬಂದಿದ್ದಳು. ಮಾರ್ತಾ ಅವಳ ಹತ್ತಿರ ಹೋಗಿ ಕೋಲು ಹಿಡಿದ ಆ ಕೈಗೆ ಮುತ್ತಿಟ್ಟು, "ಮಗಳಿಗೆ ಹೇಳ್ದೆ ಅಜ್ಜಿ," ಎಂದಳು. ಮುದುಕಿ ತಲೆಯಾಡಿಸಿದಳು.

ಪಾದ್ರಿ ಧೂಪ ಬೀಸಿದ. ಗೋಧಿಯ ಬಟ್ಟಲಿನ ನಡುವೆ ನೆಟ್ಟ ಮೇಣದ ಬತ್ತಿ ಗಾಳಿಗೆ ಎರಡು ಸಲ ಆರಿತು. ಎರಡು ಸಲವೂ ಲೆಸ್ಯಾ ಹೊತ್ತಿಸಿದಳು, ಮಾರ್ತಾ ತನ್ನ ಕೈಯನ್ನು ಅಡ್ಡ ಹಿಡಿದಳು. ಎಲ್ಲರೂ ನಿತ್ಯಸ್ಮರಣೆಯ ಪದವನ್ನು ಮೂರು ಸಲ ಹಾಡಿದರು. ಪರಾಸ್ಕಾಳ ಸ್ವರ ಎಲ್ಲರಿಗಿಂತ ಸಣ್ಣದು, ಎಲ್ಲರಿಗಿಂತ ಕೊನೆಗೆ ನಿಂತಿತು.

ಹಾಡು ಮುಗಿದು ಜನ ಚದುರಿದ ಮೇಲೂ ಮಾರ್ತಾ ಅಲ್ಲೇ ನಿಂತಿದ್ದಳು. ಮಗಳು ಪಕ್ಕದಲ್ಲಿದ್ದಳು. ಮಾರ್ತಾ ಶಿಲುಬೆಯ ಗುರುತು ಹಾಕಿಕೊಂಡು, ತನಗೆ ಮಾತ್ರ ಕೇಳುವಷ್ಟು ಸಣ್ಣಗೆ ಪ್ರಾರ್ಥಿಸಿದಳು:

"ಸ್ವಾಮಿ, ನಿನ್ನ ಸೇವಕ ಝೆನೋನ್ ನಲವತ್ತು ದಿನ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ. ಈಗ ಅವನನ್ನು ಒಳಗೆ ಕರೆದುಕೋ. ಅವನು ಇಳಿದು ಬರಲಿ ಎಂದು ಕಾಯಬೇಡ, ನೀನೇ ಹೋಗಿ ಬಾಗಿಲು ತೆಗೆ. ಅವನ ಕೈಯಿಂದ ಪೆನ್ನು ತೆಗೆದಿಡು. ನಾನು ಕೊಡದ ವಿಶ್ರಾಂತಿಯನ್ನು ನೀನು ಕೊಡು. ನಮ್ಮ ತಪ್ಪುಗಳನ್ನು ನಮ್ಮ ಮೇಲೇ ಇರಿಸು, ಅವನ ಮೇಲೆ ಹಾಕಬೇಡ. ಹೊತ್ತು ಯಾರೂ ಕೇಳದ ನಿನ್ನ ಮನೆಯಲ್ಲಿ ಅವನ ಆತ್ಮ ಶಾಂತವಾಗಿರಲಿ. ಆಮೆನ್."